ಏರಿದ ದನಿ

ಮೆಲ್ಕಾರಿನ ಲ್ಯಾಬಿನಿಂದ ಹೊರಗೆ ಬಂದಾಗ ಅಮ್ಮನ ಕೈಯಲ್ಲಿ ಒಂದು ಹಾಳೆ ಇತ್ತು. ಟಿಎಸ್‌ಎಚ್ ಎಂಬುದರ ಎದುರು 38 ಎಂದು ದಪ್ಪಗೆ ಅಚ್ಚಾಗಿತ್ತು. ಇರಬೇಕಾದದ್ದು ಹೆಚ್ಚೆಂದರೆ ನಾಲ್ಕೋ ನಾಲ್ಕೂವರೆಯೋ ಎಂದು ಪಕ್ಕದಲ್ಲೇ ಬರೆದಿತ್ತು. ಕನ್ನಡಕ ಏರಿಸಿ ನೋಡಿದ ಅಮ್ಮ, "ಥೈರಾಯ್ಡ್ ಸಿಕ್ಕಾಪಟ್ಟೆ ಜಾಸ್ತಿ ಉಂಟಲ್ಲ ಮಾರಾಯ" ಎಂದರು. ಸಂಜೆ ವೈದ್ಯರು ಬರೆದುಕೊಟ್ಟದ್ದು ಥೈರಾಯ್ಡಿನ ಕೊರತೆ ತುಂಬುವ ಮಾತ್ರೆ. ಅಮ್ಮ ಸುಮ್ಮನೆ ಬಿಡುವವರಲ್ಲ. "ಜಾಸ್ತಿ ಆದದ್ದಕ್ಕೆ ಮತ್ತೆಯೂ ಜಾಸ್ತಿ ಮಾಡುವ ಮಾತ್ರೆ ಎಂತಕ್ಕೆ ಡಾಕ್ಟ್ರೇ?"

ವೈದ್ಯರು ನಕ್ಕರು. "ಜಾಸ್ತಿ ಆಗಿರುವುದು ಥೈರಾಯ್ಡ್ ಅಲ್ಲ ಅಮ್ಮ, ಅದನ್ನು ಕರೆಯುವವನ ದನಿ. ನೀವು ಅಂಗಳದಿಂದ ಕರೆದದ್ದು ತೋಟದಲ್ಲಿರುವವರಿಗೆ ಕೇಳಿಸದಿದ್ದರೆ ಎಂತ ಮಾಡ್ತೀರಿ? ಜೋರಾಗಿ ಕೂ ಹಾಕ್ತೀರಲ್ಲ, ಇದೂ ಹಾಗೆಯೇ."

ಅಮ್ಮನಿಗೆ ಸಮಾಧಾನವಾಯಿತು. ನನಗೆ ಅಲ್ಲಿಂದ ಯೋಚನೆ ಶುರುವಾಯಿತು.

ಮಿದುಳಿನ ಬುಡದಲ್ಲಿ, ಎಲುಬಿನ ಪುಟ್ಟ ಗುಳಿಯೊಳಗೆ, ಕಡಲೆಕಾಳಿನಷ್ಟು ದೊಡ್ಡ ಪಿಟ್ಯುಟರಿ ಗ್ರಂಥಿ ಕೂತಿದೆ. ತೂಕ ಅರ್ಧ ಗ್ರಾಮಿನ ಆಸುಪಾಸು. ಕುತ್ತಿಗೆಯ ಮುಂಭಾಗದಲ್ಲಿ ಚಿಟ್ಟೆ ರೆಕ್ಕೆ ಬಿಚ್ಚಿ ಕೂತಂತೆ ಥೈರಾಯ್ಡ್ ಇದೆ. ಮೇಲಿನದು ಟಿಎಸ್‌ಎಚ್ ಎಂಬ ಕರೆ ಕಳಿಸುತ್ತದೆ, ಕೆಳಗಿನದು ಅದಕ್ಕೆ ಓಗೊಟ್ಟು ಥೈರಾಕ್ಸಿನ್ ಸ್ರವಿಸುತ್ತದೆ. ಆ ಥೈರಾಕ್ಸಿನ್ ರಕ್ತದಲ್ಲಿ ಸುತ್ತಿಕೊಂಡು ಮತ್ತೆ ತಲೆಯನ್ನು ಮುಟ್ಟಿದಾಗ ಮೇಲಿನದು ದನಿ ತಗ್ಗಿಸುತ್ತದೆ. ಸಾಕಷ್ಟು ಬಾರದಿದ್ದರೆ ಏರಿಸುತ್ತದೆ. ಅಮ್ಮನ ಥೈರಾಯ್ಡ್ ಸೋತುಹೋಗಿತ್ತು. ಮೇಲಿನಿಂದ ಕೂ ಹಾಕಿದ್ದೇ ಹಾಕಿದ್ದು. ಆ ಕೂಗಿನ ಅಳತೆಯೇ 38.

ಅದಕ್ಕಿಂತ ಮೊದಲಿನ ಎರಡು ವರ್ಷ ನಮ್ಮ ಮನೆಯಲ್ಲೂ ದನಿ ಏರಿತ್ತು. ಮೇ ತಿಂಗಳ ಸೆಕೆಯಲ್ಲಿ, ಫ್ಯಾನಿನ ಕೆಳಗೂ ನಮಗೆ ಬೆವರಿಳಿಯುವಾಗ, ಅಮ್ಮ ಹೊದಿಕೆ ಹುಡುಕುತ್ತಿದ್ದರು. ಸಾರಿಗೆ ಉಪ್ಪು ಹಾಕಿದ್ದು ಮರೆತು ಮತ್ತೊಮ್ಮೆ ಹಾಕುವರು. ಮಧ್ಯಾಹ್ನ ಮಲಗಿದರೆ ಸಂಜೆಯ ದೀಪಕ್ಕೂ ಏಳಲು ಮನಸ್ಸಿಲ್ಲ. ತಲೆ ಬಾಚಿದರೆ ಬಾಚಣಿಗೆ ತುಂಬ ಕೂದಲು. ಸಣ್ಣ ಮಾತಿಗೂ ಕಣ್ಣೀರು. ನಾವು ಒಬ್ಬೊಬ್ಬರು ಒಂದೊಂದು ಹೆಸರಿಟ್ಟೆವು. ಅಪ್ಪ ವಯಸ್ಸು ಎಂದರು. ತಂಗಿ, ತಾನು ಮದುವೆಯಾಗಿ ಹೋದ ಬೇಸರ ಎಂದಳು. ನಾನು ಸೋಮಾರಿತನ ಎಂದೆ, ಅದೂ ಅವರಿಗೆ ಕೇಳಿಸುವ ಹಾಗೆ. ಹೇಳಿದ್ದನ್ನು ಅವರು ಮರೆತಾಗಲೆಲ್ಲ ನನ್ನ ದನಿ ಒಂದು ಮೆಟ್ಟಿಲು ಮೇಲೇರುತ್ತಿತ್ತು. ತಲೆಯೊಳಗೆ ಪಿಟ್ಯುಟರಿ ಕೂಗುತ್ತಿತ್ತು, ಹೊರಗಿನಿಂದ ನಾನು. ಪಿಟ್ಯುಟರಿ ಬೇರೆ ದಾರಿಯಿಲ್ಲದೆ ಕೂಗುತ್ತಿತ್ತು. ನನಗೆ ಬೇರೆ ದಾರಿ ಇತ್ತು.

ಕೊರತೆ ಎಷ್ಟರದು ಎಂದು ಲೆಕ್ಕ ಹಾಕಿದರೆ ನಾಚಿಕೆಯಾಗುತ್ತದೆ. ಆರೋಗ್ಯವಂತರ ಥೈರಾಯ್ಡ್ ದಿನಕ್ಕೆ ಸ್ರವಿಸುವುದು ಸುಮಾರು 90 ಮೈಕ್ರೋಗ್ರಾಂ ಥೈರಾಕ್ಸಿನ್. ವರ್ಷಕ್ಕೆ 33 ಮಿಲಿಗ್ರಾಂ. 70 ವರ್ಷ ಬದುಕಿದರೆ ಹೆಚ್ಚು ಕಡಿಮೆ ಎರಡೂಕಾಲು ಗ್ರಾಂ. ಕುಚ್ಚಲಕ್ಕಿಯ ಲೆಕ್ಕದಲ್ಲಿ ನೂರು ಕಾಳಿನಷ್ಟು, ಮೂರು ಬೆರಳಿನಲ್ಲಿ ಎತ್ತಿದರೆ ಬರುವಷ್ಟು. ಹುಟ್ಟಿದಂದಿನಿಂದ ಕೊನೆಯವರೆಗೆ ಮೈಯ ಬಿಸುಪು, ಎದೆಯ ಬಡಿತದ ಗತಿ, ಮಗುವಿನ ಮಿದುಳಿನ ಬೆಳವಣಿಗೆ, ಮನಸ್ಸಿನ ಚುರುಕು ಎಲ್ಲವೂ ಆ ನೂರು ಕಾಳನ್ನು ಆಶ್ರಯಿಸಿವೆ. ನಾವು ಅಮ್ಮನ ಸ್ವಭಾವ ಎಂದು ಕರೆದದ್ದು ದಿನಕ್ಕೆ ಒಂದು ಅಕ್ಕಿಕಾಳಿನ ಇನ್ನೂರೈವತ್ತನೇ ಒಂದು ಪಾಲಿನ ಕೊರತೆಯನ್ನು.

ಇಂಥ ವಸ್ತುಗಳಿಗೆ ಹಾರ್ಮೋನ್ ಎಂಬ ಹೆಸರು ಬಂದದ್ದು 1905ರಲ್ಲಿ. ಲಂಡನ್ನಿನ ಅರ್ನೆಸ್ಟ್ ಸ್ಟಾರ್ಲಿಂಗ್ ತಮ್ಮ ಉಪನ್ಯಾಸಗಳಲ್ಲಿ ಆ ಪದವನ್ನು ಬಳಸಿದರು. ಮೂರು ವರ್ಷ ಹಿಂದೆ, 1902ರಲ್ಲಿ, ಅವರೂ ವಿಲಿಯಂ ಬೇಲಿಸ್ ಅವರೂ ನಾಯಿಯೊಂದರ ಕರುಳಿನ ತುಣುಕಿಗೆ ಹೋಗುವ ನರಗಳನ್ನೆಲ್ಲ ಕತ್ತರಿಸಿದ್ದರು. ಆದರೂ ಆ ಕರುಳಿಗೆ ಆಮ್ಲ ಬಿದ್ದೊಡನೆ ದೂರದ ಮೇದೋಜೀರಕ ಗ್ರಂಥಿ ರಸ ಸುರಿಸಿತು. ತಂತಿ ಕಡಿದರೂ ಸುದ್ದಿ ಹೋಯಿತು, ಏಕೆಂದರೆ ಅದು ಹೋದದ್ದು ರಕ್ತದ ಹೊಳೆಯಲ್ಲಿ. ಹಾರ್ಮೋನ್ ಎಂಬುದರ ಗ್ರೀಕ್ ಮೂಲಕ್ಕೆ ಚೋದಿಸು, ಎಬ್ಬಿಸು ಎಂಬ ಅರ್ಥ. ನಮ್ಮವರು ಅದನ್ನು ಚೋದಕ ಎಂದದ್ದು ಸರಿಯಾಗಿಯೇ ಇದೆ. ಗಾಯತ್ರಿಯ ಕೊನೆಯ ಪದದಲ್ಲಿರುವುದೂ ಇದೇ ಧಾತು.

ಹೊಳೆಯಲ್ಲಿ ತೇಲಿಬಿಟ್ಟ ಮಾತು ಸೇರಬೇಕಾದವರನ್ನೇ ಸೇರುವುದು ಹೇಗೆ? ಇದಕ್ಕೆ ಉತ್ತರ ಮೆಲ್ಕಾರಿನಲ್ಲಿ ಬಸ್ಸಿಗೆ ಕಾಯುವ ಎಲ್ಲರಿಗೂ ಗೊತ್ತು. "ಬಿ.ಸಿ. ರೋಡ್, ಫರಂಗಿಪೇಟೆ, ಪಡೀಲ್, ಸ್ಟೇಟ್‌ಬ್ಯಾಂಕ್!" ಎಂದು ನಿರ್ವಾಹಕ ಬಾಗಿಲಲ್ಲಿ ನೇತಾಡುತ್ತ ಕೂಗುತ್ತಾನೆ. ಕೂಗು ಇಡೀ ಜಂಕ್ಷನ್ನಿಗೆ ಕೇಳಿಸುತ್ತದೆ. ಮುಡಿಪಿಗೆ ಹೋಗುವವನು ತಲೆಯೆತ್ತುವುದಿಲ್ಲ. ಕಲ್ಲಡ್ಕಕ್ಕೋ ಪುತ್ತೂರಿಗೋ ಹೊರಟವಳು ಮೊಬೈಲಿನಿಂದ ಕಣ್ಣು ಕೀಳುವುದಿಲ್ಲ. ಮಂಗಳೂರಿಗೆ ಹೋಗಬೇಕಾದವನು ಮಾತ್ರ ಚೀಲ ಎತ್ತಿಕೊಳ್ಳುತ್ತಾನೆ. "ರೈಟ್, ಪೋಯಿ" ಎಂದೊಡನೆ ಬಸ್ಸು ಹೊರಟಾಗ ಉಳಿದವರು ನಿಂತಲ್ಲೇ ನಿಂತಿರುತ್ತಾರೆ.

ಟಿಎಸ್‌ಎಚ್ ಮೊಣಕಾಲಿಗೂ ಹೋಗುತ್ತದೆ, ಅಂಗಾಲಿಗೂ ಹೋಗುತ್ತದೆ. ಅಲ್ಲಿ ಅದಕ್ಕೆ ಓಗೊಡುವವರಿಲ್ಲ. ಅದನ್ನು ಹಿಡಿಯುವ ಗ್ರಾಹಕಗಳು ಮುಖ್ಯವಾಗಿ ಇರುವುದು ಥೈರಾಯ್ಡಿನ ಜೀವಕೋಶಗಳ ಮೇಲೆ. ಒಂದೇ ಕರೆಗೆ ಬೇರೆ ಬೇರೆ ಉತ್ತರ ಬರುವುದೂ ಉಂಟು. ಮೂತ್ರಪಿಂಡದ ನೆತ್ತಿಯ ಮೇಲೆ ಟೊಪ್ಪಿಯಂತೆ ಕೂತ ಅಡ್ರಿನಲ್ ಗ್ರಂಥಿಯಿಂದ ಅಡ್ರಿನಲಿನ್ ಹೊರಟಿತೆಂದರೆ ಎದೆ ಓಡುತ್ತದೆ, ಕರುಳು ನಿಧಾನವಾಗುತ್ತದೆ. ಕರೆಯುವವನ ಬಲ ಕೂಗಿನಲ್ಲಿಲ್ಲ, ಕೇಳುವವನ ಕಿವಿಯಲ್ಲಿದೆ. ದೇಹದಲ್ಲಿ ಅಪ್ಪಣೆ ಎಂದು ನಾವು ಭಾವಿಸುವುದೆಲ್ಲ, ಹತ್ತಿರ ಹೋಗಿ ನೋಡಿದರೆ, ಕೇಳಿಸಿಕೊಳ್ಳುವಿಕೆಯೇ.

ಕೇಳಿಸಿಕೊಂಡ ಮೇಲೆ ಇನ್ನೊಂದು ಕೆಲಸ ಉಳಿಯುತ್ತದೆ, ಸಾಕು ಎನ್ನುವುದು. ನಮ್ಮೂರಿನ ಮದುವೆಯ ಊಟದಲ್ಲಿ ಪಾಯಸದ ಬಕೆಟ್ ಹಿಡಿದವನು ಬಾಯಿಮಾತಿಗೆ ನಿಲ್ಲುವುದಿಲ್ಲ. ಎಲೆಯ ಮೇಲೆ ಎರಡೂ ಕೈ ಅಡ್ಡ ಹಿಡಿದರೆ ಮಾತ್ರ ಮುಂದಿನ ಎಲೆಗೆ ಹೋಗುತ್ತಾನೆ. ಹಾಗೆ ಕೈ ಅಡ್ಡ ಹಿಡಿಯುವ ಕ್ರಮ ದೇಹದ ಬಹುತೇಕ ಗ್ರಂಥಿಗಳ ನಡುವೆ ಇದೆ. ಬಡಿಸಿಕೊಂಡವನೇ ಬಡಿಸುವವನನ್ನು ತಡೆಯುತ್ತಾನೆ. ಥೈರಾಕ್ಸಿನ್ ಹೋಗಿ ತನ್ನನ್ನು ಕರೆದವನಿಗೇ ಸಾಕು ಎನ್ನುತ್ತದೆ, ಅಡ್ರಿನಲ್ಲಿನ ಇನ್ನೊಂದು ಹಾರ್ಮೋನಾದ ಕಾರ್ಟಿಸಾಲ್ ಹೋಗಿ ತನ್ನನ್ನು ಎಬ್ಬಿಸಿದ ಮಿದುಳಿಗೇ ಸಾಕು ಎನ್ನುತ್ತದೆ. ಬೇಕು ಎನ್ನುವುದಕ್ಕೆ ಎಲ್ಲ ಜೀವಿಗಳಿಗೂ ಬರುತ್ತದೆ. ಬದುಕು ಉಳಿದಿರುವುದು ಸಾಕು ಎನ್ನುವ ಮಾತು ಸಮಯಕ್ಕೆ ಸರಿಯಾಗಿ ತಲುಪುವುದರಿಂದ.

ಅದು ತಲುಪದಿದ್ದರೆ ಏನಾಗುತ್ತದೆಂದು ಹಿಂದೆ ಕಣ್ಣಿಗೇ ಕಾಣುತ್ತಿತ್ತು. ಅಯೋಡಿನ್ ಇಲ್ಲದೆ ಥೈರಾಕ್ಸಿನ್ ತಯಾರಾಗದು. ಮಳೆ ಮಣ್ಣಿನ ಅಯೋಡಿನ್ನನ್ನು ತೊಳೆದುಕೊಂಡು ಹೋದ ಊರುಗಳಲ್ಲಿ ಗ್ರಂಥಿ ಬರಿಗೈಯಲ್ಲಿ ಕೂತಿರುತ್ತದೆ, ಮೇಲಿನಿಂದ ಕೂಗು ನಿಲ್ಲುವುದಿಲ್ಲ. ಓಗೊಡಲಾರದ ಗ್ರಂಥಿ ಉಬ್ಬುತ್ತ ಹೋಗುತ್ತದೆ. ಗಳಗಂಡವೆಂದರೆ ಅದೇ, ಏರಿದ ದನಿ ಕುತ್ತಿಗೆಯಲ್ಲಿ ಗಡ್ಡೆ ಕಟ್ಟಿದ್ದು. ಹಿಮಾಚಲದ ಕಾಂಗ್ರಾ ಕಣಿವೆಯಲ್ಲಿ 1956ರಿಂದ ವೈದ್ಯವಿಜ್ಞಾನಿ ವಿ. ರಾಮಲಿಂಗಸ್ವಾಮಿ ಮತ್ತು ಅವರ ಸಂಗಡಿಗರು ಅಯೋಡಿನ್ ಬೆರೆತ ಉಪ್ಪು ಕೊಟ್ಟು ನೋಡಿದರು. ಕೆಲವೇ ವರ್ಷಗಳಲ್ಲಿ ಮಕ್ಕಳ ಗಳಗಂಡ ಇಳಿಯತೊಡಗಿತು. 1962ರಲ್ಲಿ ಅದು ದೇಶದ ಕಾರ್ಯಕ್ರಮವಾಯಿತು. ಗಡ್ಡೆಯನ್ನು ಬೈದವರೂ ಇರಬಹುದು, ಹರಕೆ ಹೊತ್ತವರೂ ಇರಬಹುದು. ಅದು ಕೇಳುತ್ತಿದ್ದದ್ದು ಒಂದು ಚಿಟಿಕೆ ಉಪ್ಪನ್ನು.

ನಮ್ಮ ಕಾಲದ ಕಿವುಡು ಬೇರೆ. ರಕ್ತದಲ್ಲಿ ಯಾವುದೇ ಹೊತ್ತಿಗೆ ಕರಗಿರುವ ಸಕ್ಕರೆ ಸುಮಾರು ಐದು ಗ್ರಾಂ, ಒಂದು ಚಮಚ. ಅಷ್ಟನ್ನು ಅಷ್ಟೇ ಇಡುವುದಕ್ಕೆ ಮೇದೋಜೀರಕ ಗ್ರಂಥಿಯಲ್ಲಿ ದ್ವೀಪಗಳ ಹಾಗೆ ಚದುರಿದ ಕೋಶಗುಚ್ಛಗಳಿವೆ. ಪಾಲ್ ಲ್ಯಾಂಗರ್‌ಹಾನ್ಸ್ ಅವನ್ನು 1869ರಲ್ಲಿ ಕಂಡಿದ್ದರು. ಅವುಗಳ ಇನ್ಸುಲಿನ್ನನ್ನು ಟೊರಾಂಟೊದಲ್ಲಿ ಬ್ಯಾಂಟಿಂಗ್ ಮತ್ತು ಬೆಸ್ಟ್ ಬೇರ್ಪಡಿಸಿದ್ದು 1921ರಲ್ಲಿ. ಮರುವರ್ಷ ಜನವರಿಯಲ್ಲಿ 14ರ ಹುಡುಗನೊಬ್ಬನಿಗೆ ಚುಚ್ಚಿ ಸಾವಿನಿಂದ ಹಿಂದಕ್ಕೆ ಕರೆತಂದರು. ಅವನಲ್ಲಿ ಇನ್ಸುಲಿನ್ನೇ ಇರಲಿಲ್ಲ. ಈಗ ನಮ್ಮ ನಡುವೆ ಹಬ್ಬಿರುವ ಸಕ್ಕರೆ ಕಾಯಿಲೆ ಹೆಚ್ಚಿನ ಪಾಲು ಹಾಗಲ್ಲ. ಮೊದಲ ವರ್ಷಗಳಲ್ಲಿ ಇನ್ಸುಲಿನ್ ಬೇಕಾದಷ್ಟು ಇರುತ್ತದೆ, ಎಷ್ಟೋ ಸಲ ಬೇಕಾದ್ದಕ್ಕಿಂತ ಹೆಚ್ಚೇ ಇರುತ್ತದೆ. ಕೋಶಗಳಿಗೆ ಅದು ಸರಿಯಾಗಿ ಕೇಳಿಸುವುದಿಲ್ಲ. ಬೆಳಿಗ್ಗೆ ಒಂದು ಚಹಾ, ಹತ್ತಕ್ಕೆ ಇನ್ನೊಂದು, ಸಂಜೆ ಕಲ್ಲಡ್ಕದಲ್ಲಿ ಮೂರನೆಯದು, ನಡುವೆ ಬನ್ಸು, ಗೋಳಿಬಜೆ. ಎದ್ದು ನಡೆಯುವ ಮಾತಿಲ್ಲ. ದಿನವಿಡೀ ಬಾಗಿಲು ತಟ್ಟಿಸಿಕೊಂಡ ಮನೆಯವರು ಕೊನೆಗೆ ಏಳುವುದನ್ನೇ ಬಿಟ್ಟ ಹಾಗೆ. ಗ್ರಂಥಿ ಇನ್ನೂ ಜೋರಾಗಿ ಕೂಗುತ್ತದೆ. ವರ್ಷಗಟ್ಟಲೆ ಕೂಗಿ ಗಂಟಲು ಸೋಲುತ್ತದೆ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ (ಐಸಿಎಂಆರ್) ಬೆಂಬಲದಿಂದ ನಡೆದು 2023ರಲ್ಲಿ ಪ್ರಕಟವಾದ ಅಧ್ಯಯನದ ಅಂದಾಜಿನಂತೆ ದೇಶದಲ್ಲಿ 10 ಕೋಟಿಗೂ ಹೆಚ್ಚು ಜನರಿಗೆ ಸಕ್ಕರೆ ಕಾಯಿಲೆಯಿದೆ.

ಇಷ್ಟರವರೆಗಿನದು ನಮ್ಮದೇ ಮೈಯ ಒಳಗಿನ ಮಾತು. ಹೊರಗಿನವರು ನಡುವೆ ಬಾಯಿ ಹಾಕಿದ ಕಥೆಯೂ ಇಲ್ಲೇ ಹತ್ತಿರ ನಡೆದಿದೆ. ಮೆಲ್ಕಾರಿನಿಂದ ಕಲ್ಲಡ್ಕ, ವಿಟ್ಲ ದಾಟಿ ದಕ್ಷಿಣಕ್ಕೆ ಹೋದರೆ ಕೇರಳದ ಗಡಿ. ಅದರಾಚೆ ಎಣ್ಮಕಜೆ ಪಂಚಾಯತಿನ ಪಡ್ರೆ, ಕನ್ನಡ ತುಳು ಆಡುವ ಊರು. ಅಲ್ಲಿನ ಗುಡ್ಡಗಳ ಗೇರುತೋಟಕ್ಕೆ ಟೀ ಸೊಳ್ಳೆಯ ಕಾಟವೆಂದು ಹೆಲಿಕಾಪ್ಟರಿನಿಂದ 20 ವರ್ಷಕ್ಕೂ ಹೆಚ್ಚು ಕಾಲ ಎಂಡೋಸಲ್ಫಾನ್ ಎಂಬ ಕೀಟನಾಶಕ ಸುರಿದರು. ಗುಡ್ಡದ ನೀರು ಸುರಂಗಗಳಲ್ಲಿ, ತೋಡುಗಳಲ್ಲಿ ಇಳಿದು ಮನೆಗಳ ಕೊಡಪಾನಕ್ಕೆ ಬಂತು. ಬೆಳ್ತಂಗಡಿ ತಾಲೂಕಿನ ಕೊಕ್ಕಡ, ಪಟ್ರಮೆ, ನಿಡ್ಲೆ ಕಡೆಯ ಗೇರುತೋಟಗಳ ಮೇಲೂ ಅದೇ ವಿಷ ಬಿತ್ತು. ಅಂಗವೈಕಲ್ಯದೊಂದಿಗೆ ಹುಟ್ಟಿದ ಕರುಗಳ ಬಗ್ಗೆ ಪತ್ರಕರ್ತ ಶ್ರೀ ಪಡ್ರೆ 1980ರ ಆಸುಪಾಸಿನಲ್ಲೇ ಬರೆದಿದ್ದರು. ಪಡ್ರೆಯಲ್ಲಿ ಔಷಧಿ ಕೊಡುತ್ತಿದ್ದ ಡಾ. ವೈ.ಎಸ್. ಮೋಹನ್ ಕುಮಾರ್ 1990ರ ದಶಕದಲ್ಲಿ, ಇಷ್ಟು ಚಿಕ್ಕ ಊರಿನಲ್ಲಿ ಇಷ್ಟೊಂದು ಕಾಯಿಲೆ ಯಾಕೆ ಎಂದು ಮತ್ತೆ ಮತ್ತೆ ಕೇಳಿದರು.

ಅಹ್ಮದಾಬಾದಿನ ರಾಷ್ಟ್ರೀಯ ಔದ್ಯೋಗಿಕ ಆರೋಗ್ಯ ಸಂಸ್ಥೆಯವರು ಕೊನೆಗೂ ಬಂದರು. ಗುಡ್ಡದ ಬುಡದ ಊರಿನ 117 ಶಾಲಾ ಹುಡುಗರನ್ನೂ ಸಿಂಪಡಣೆ ಕಾಣದ ಊರಿನ 90 ಹುಡುಗರನ್ನೂ ಪರೀಕ್ಷಿಸಿ 2003ರಲ್ಲಿ ವರದಿ ಪ್ರಕಟಿಸಿದರು. ವಿಷದ ಮಳೆಗೆ ಸಿಕ್ಕ ಹುಡುಗರಲ್ಲಿ ಹರೆಯದ ಗುರುತುಗಳು ವಯಸ್ಸಿಗೆ ಹೋಲಿಸಿದರೆ ತಡವಾಗಿದ್ದವು. ಟೆಸ್ಟೊಸ್ಟೆರಾನ್ ಕಡಿಮೆಯತ್ತ ವಾಲಿತ್ತು. ಅದನ್ನು ಕರೆಯುವ ಎಲ್‌ಎಚ್ ಎಂಬ ಪಿಟ್ಯುಟರಿಯ ಹಾರ್ಮೋನ್ ಏರಿಕೆಯತ್ತ ವಾಲಿತ್ತು. ಒಂದು ಅಧ್ಯಯನದಿಂದ ಎಲ್ಲವೂ ತೀರ್ಮಾನವಾಗುವುದಿಲ್ಲ. ಆದರೆ ಅಮ್ಮನ ಹಾಳೆಯನ್ನು ಓದಲು ಕಲಿತ ಮೇಲೆ ಆ ಹುಡುಗರ ರಕ್ತದಲ್ಲಿ ನನಗೆ ಅದೇ ಕೂಗು ಕೇಳಿಸಿತು. ಊರವರ ಕೂಗಂತೂ ಅದಕ್ಕಿಂತ ಹಳೆಯದು. ಸುಪ್ರೀಂ ಕೋರ್ಟ್ ದೇಶದಾದ್ಯಂತ ಎಂಡೋಸಲ್ಫಾನ್ ತಡೆದದ್ದು 2011ರ ಮೇ 13ರಂದು. ಮೊದಲ ಬರಹಕ್ಕೂ ಆ ಆದೇಶಕ್ಕೂ ನಡುವೆ 30 ವರ್ಷ. ಪಿಟ್ಯುಟರಿಯ ಕೂಗನ್ನು ಅಳೆಯುವುದಕ್ಕೆ ಒಂದು ಸಿರಿಂಜು ರಕ್ತ ಸಾಕು. ಒಂದು ಊರಿನ ಕೂಗನ್ನು ಅಳೆಯುವ ಲ್ಯಾಬ್ ಎಲ್ಲೂ ಇರಲಿಲ್ಲ.

ಹಾಗಾದರೆ ನಾವು ಹಾರ್ಮೋನುಗಳ ಮೊತ್ತವೇ? ಅಮ್ಮನ ಕಣ್ಣೀರು, ನನ್ನ ಸಿಟ್ಟು, ಹುಡುಗರ ಹರೆಯ ಇವೆಲ್ಲ ಮೈಕ್ರೋಗ್ರಾಮಿನ ಲೆಕ್ಕವೇ? ಸ್ಪೇನಿನ ವೈದ್ಯ ಗ್ರೆಗೋರಿಯೊ ಮರಾನ್ಯೋನ್ ಇದಕ್ಕೆ ಹತ್ತಿರದ ಪ್ರಯೋಗವೊಂದನ್ನು 1924ರಲ್ಲಿ ಪ್ರಕಟಿಸಿದರು. 210 ಜನರಿಗೆ ಅಡ್ರಿನಲಿನ್ ಚುಚ್ಚಿದರು. ಎದೆ ಹೊಡೆದುಕೊಂಡಿತು, ಕೈ ನಡುಗಿತು. ಏನನ್ನಿಸುತ್ತದೆ ಎಂದು ಕೇಳಿದಾಗ ಹೆಚ್ಚಿನವರು ಮೈಯ ಬದಲಾವಣೆಯನ್ನಷ್ಟೇ ಹೇಳಿದರು. ಉಳಿದವರಲ್ಲೂ ಬಹುಪಾಲು ಜನ ಹೇಳಿದ್ದು ಹೆದರಿದ ಹಾಗೆ ಆಗುತ್ತಿದೆ ಎಂದು, ಹೆದರಿಕೆಯಾಗುತ್ತಿದೆ ಎಂದಲ್ಲ. ಹಾರ್ಮೋನ್ 'ಹಾಗೆ'ಯವರೆಗೆ ತಂದು ಬಿಟ್ಟಿತು. ಭಯವಾಗಬೇಕಾದರೆ ಭಯಪಡಲು ಏನಾದರೂ ಬೇಕಿತ್ತು.

ಗಲ್ಫಿನಲ್ಲಿ ಮಕ್ಕಳಿರುವ ಮನೆಯಲ್ಲಿ ನಡುರಾತ್ರಿ ಫೋನ್ ರಿಂಗಾಗುವುದನ್ನು ನೆನೆಸಿಕೊಳ್ಳಿ. ಹಗಲಿನಲ್ಲಿ ಅದೇ ಸದ್ದಿಗೆ ಯಾರೂ ತಿರುಗಿ ನೋಡುವುದಿಲ್ಲ. ರಾತ್ರಿ ಎರಡಕ್ಕೆ ಆ ಸದ್ದಿಗೆ ಅರ್ಥ ಬರುತ್ತದೆ. ಅರ್ಥ ಅಡ್ರಿನಲ್ ಗ್ರಂಥಿಯನ್ನು ಮುಟ್ಟುತ್ತದೆ, ಮೈ ಬೆವರುತ್ತದೆ. ತೂಕವಿಲ್ಲದ, ಬಣ್ಣವಿಲ್ಲದ ಅರ್ಥವೊಂದು ತೂಕ ಹಾಕಬಹುದಾದ ರಸವಾಗುತ್ತದೆ.

ನಮ್ಮ ಹಟ್ಟಿಯ ದನವೂ ಇದನ್ನೇ ಹೇಳಿಕೊಟ್ಟಿತು. ಅಮ್ಮ ಬಿಂದಿಗೆಯ ಸದ್ದು ಮಾಡುತ್ತ ಒಳಗೆ ಬಂದರೆ ಸಾಕು, ಒಂದೆರಡು ನಿಮಿಷದಲ್ಲಿ ಹಾಲಿಳಿಸುತ್ತಿತ್ತು. ಆ ಸದ್ದಿಗೆ ಅದರ ಪಿಟ್ಯುಟರಿಯಿಂದ ಆಕ್ಸಿಟೋಸಿನ್ ಹೊರಟು ಕೆಚ್ಚಲಿಗೆ ತಲುಪುತ್ತದೆ. ಅಮ್ಮ ಏಳಲಾರದ ಬೆಳಿಗ್ಗೆಗಳಲ್ಲಿ ಅಪ್ಪ ಕೂತರೆ ಅರ್ಧ ಪಾತ್ರೆಯೂ ತುಂಬದು. ಅಪ್ಪ ಗದರಿಸಿದರೆ ಇದ್ದದ್ದೂ ನಿಲ್ಲುತ್ತಿತ್ತು, ಏಕೆಂದರೆ ಹೆದರಿದ ಮೈಯಲ್ಲಿ ಅಡ್ರಿನಲಿನ್ ಆಕ್ಸಿಟೋಸಿನ್ನಿಗೆ ಅಡ್ಡ ನಿಲ್ಲುತ್ತದೆ. ಕೆಚ್ಚಲು ಅದೇ, ಹುಲ್ಲೂ ಹಿಂಡಿಯೂ ಅದೇ. ಕೈ ಬೇರೆಯಾಗಿತ್ತು, ದನಿ ಏರಿತ್ತು.

ಗ್ಲ್ಯಾಂಡಿಗೆ ಗ್ರಂಥಿ ಎಂಬ ಪದ ಆರಿಸಿದವರು ಇಷ್ಟೆಲ್ಲ ಯೋಚಿಸಿದ್ದರೋ ಇಲ್ಲವೋ, ಪದವಂತೂ ಯೋಚಿಸಿದ ಹಾಗಿದೆ. ಗ್ರಂಥಿ ಎಂದರೆ ಗಂಟು. ಅಧ್ಯಾತ್ಮದ ಮಾತಿನಲ್ಲಿ ಅದು ಬಿಚ್ಚಬೇಕಾದ ಗಂಟು, ಬಿಡುಗಡೆಗೆ ಅಡ್ಡಿ. ವೈದ್ಯರ ಮಾತಿನಲ್ಲಿ ಅದು ಬಿಚ್ಚಿಕೊಳ್ಳಬಾರದ ಗಂಟು. ಮನಸ್ಸಿನ ಎಳೆಯನ್ನೂ ಮೈಯ ಎಳೆಯನ್ನೂ ಸೇರಿಸಿ ಹಾಕಿದ್ದು. ಈ ಕಡೆಯಿಂದ ಎಳೆದರೆ ಆ ಕಡೆ ಅಲುಗುತ್ತದೆ. ಎಲ್ಲವೂ ಮನಸ್ಸು ಎಂದವರು ಅಮ್ಮನ ಎರಡು ವರ್ಷವನ್ನು ವಿವರಿಸಲಾರರು. ಎಲ್ಲವೂ ರಸಾಯನ ಎಂದವರು ನಮ್ಮ ದನವನ್ನು ವಿವರಿಸಲಾರರು.

ಅಮ್ಮ ಈಗ ಬೆಳಿಗ್ಗೆ ಎದ್ದೊಡನೆ ಬರಿಹೊಟ್ಟೆಗೆ ಮಾತ್ರೆ ನುಂಗುತ್ತಾರೆ, ಚಹಾ ಆಮೇಲೆ. ಇನ್ಸುಲಿನ್ ನಿಮಿಷಗಳ ಮಾತು, ಥೈರಾಕ್ಸಿನ್ ವಾರಗಳ ಮಾತು. ಬದಲಾವಣೆ ಗೊತ್ತಾಗಲು ಆರು ವಾರ ಕಾದು ಮತ್ತೆ ರಕ್ತ ಕೊಡಬೇಕಾಯಿತು. ಎರಡನೆಯ ಹಾಳೆಯಲ್ಲಿ 11, ಅದರ ನಂತರದ್ದರಲ್ಲಿ 3. ದನಿ ಇಳಿದಿತ್ತು. ಹೊದಿಕೆ ಕಪಾಟಿಗೆ ಹೋಯಿತು. ಒಂದು ಸಂಜೆ ಹಟ್ಟಿಯಿಂದ ಬಂದು, ತುಂಬಿದ ಬಿಂದಿಗೆ ಇಳಿಸಿ, "ಆಗ ನಾನು ಸೋಮಾರಿ ಆಗಿರಲಿಲ್ಲ ಅಲ್ವಾ?" ಎಂದು ಕೇಳಿದರು. ಪ್ರಶ್ನೆ ನನಗೇ. ನಾನು ಅಲ್ಲ ಎಂದೆ, ತಡವಾಗಿ.

ನಿಮ್ಮ ಮನೆಯಲ್ಲೂ ಕೆಲವು ತಿಂಗಳಿನಿಂದ ಯಾರೋ ಮಂಕಾಗಿರಬಹುದು, ಯಾರೋ ಸುಮ್ಮಸುಮ್ಮನೆ ಸಿಡುಕುತ್ತಿರಬಹುದು. ಅವರ ಸ್ವಭಾವಕ್ಕೆ ಹೆಸರಿಡುವ ಮೊದಲು ಒಮ್ಮೆ ರಕ್ತ ಪರೀಕ್ಷೆ ಮಾಡಿಸಿ. ಬೆಳಿಗ್ಗೆಯ ಐದು ನಿಮಿಷದ ಕೆಲಸ. ವರದಿಯಲ್ಲಿ ಎಲ್ಲವೂ ಸರಿ ಎಂದು ಬಂದರೆ ಇನ್ನೂ ಒಂದು ಕೆಲಸ ಬಾಕಿಯಿದೆ. ಪಕ್ಕದಲ್ಲಿ ಕೂತು ಅವರು ಹೇಳುವುದನ್ನು ಕೇಳಿ.